ಅಕ್ಕನಿಗೆ ನೋಡಿಬಂದ ಕರೆಂಟಿನ ಮನೆ

ಅಕ್ಕನಿಗೆ ಹಂಸಭಾವಿ ಕಡೆಯಿಂದ ಸಂಬಂಧ ಬಂದಾಗ ನಾನಿನ್ನೂ ಹೈಸ್ಕೂಲಿನಲ್ಲಿದ್ದೆ. ಎಪ್ಪತ್ತರ ದಶಕದ ನಡುವಿನ ಮಾತು. ಸವಣೂರಿನಲ್ಲಿ ಅಪ್ಪನದು ವೀಳ್ಯದೆಲೆ ತೋಟ, ಎಲೆ ವ್ಯಾಪಾರ. ಹುಡುಗನ ತಾಯಿ ಯಾರದೋ ಮದುವೆಯಲ್ಲಿ ಅಕ್ಕನನ್ನು ನೋಡಿ ಒಪ್ಪಿದ್ದರು. ಇನ್ನು ನಾವು ಹೋಗಿ ಅವರ ಮನೆ ನೋಡಿಬರುವುದಷ್ಟೇ ಉಳಿದಿತ್ತು. ಅಪ್ಪ ಮತ್ತು ಅಪ್ಪನ ಅಕ್ಕ, ಅಂದರೆ ನಮ್ಮ ಅತ್ತಿ, ಹೊರಟರು. ದೊಡ್ಡವರು ಬಂದು ಅರ್ಧ ಮಾತ್ರ ಹೇಳುತ್ತಾರೆ, ನೀ ಎಲ್ಲ ನೋಡಿಕೊಂಡು ಬಾ ಎಂದು ಅಕ್ಕ ನನ್ನನ್ನೂ ಜೊತೆಗೆ ಹಚ್ಚಿ ಕಳಿಸಿದಳು.

ಹುಡುಗನ ಊರಲ್ಲಿ ಸುತ್ತ ಹಂಚಿನ ಮನೆಗಳು. ನಡುವೆ ಈ ಮನೆಗೆ ಮಾತ್ರ ಮೂಲೆಗಳೇ ಇರಲಿಲ್ಲ. ಗೋಡೆಗಳು ಗುಂಡಗೆ ಹೊರಳಿಕೊಂಡಿದ್ದವು. ಹುಡುಗನ ತಾಯಿ ನೀರು ಕೊಡುವುದಕ್ಕೂ ಮೊದಲೇ ಅದರ ಕಥೆ ಹೇಳಿದರು. ಅವರ ಯಜಮಾನರು ಹತ್ತಿ ವ್ಯಾಪಾರಕ್ಕೆ ಮುಂಬಯಿಗೆ ಹೋಗಿಬರುತ್ತಿದ್ದರಂತೆ. ಅಲ್ಲಿಯ ಒಂದು ಪ್ರದರ್ಶನದಲ್ಲಿ ಮುಂದಿನ ಕಾಲದ ಮನೆ ಹೀಗಿರುತ್ತದೆ ಎಂದು ಕಟ್ಟಿಟ್ಟದ್ದನ್ನು ನೋಡಿ, ಅಂಥದೇ ಬೇಕೆಂದು ಊರಲ್ಲಿ ಕಟ್ಟಿಸಿದರು. ಊರಿಗೆ ಆಗಿನ್ನೂ ಕರೆಂಟು ಬಂದಿರಲಿಲ್ಲ. ಹಿತ್ತಲಲ್ಲಿ ಎಣ್ಣೆ ಇಂಜಿನ್ನು, ಡೈನಮೊ ಕೂಡಿಸಿದರು. ಅವರು ತೀರಿಕೊಂಡ ಮೇಲೆ ಇಂಜಿನ್ನು ನಿಂತಿತು. ಆಮೇಲೆ ಊರಿಗೆ ಕರೆಂಟು ಬಂತು. ಆದರೆ ಡೈನಮೊಕ್ಕೆಂದು ತರಿಸಿದ ಯಂತ್ರಗಳಿಗೆ ಊರಿನ ಕರೆಂಟು ಹತ್ತುವುದಿಲ್ಲ ಎಂದು ವೈರ್‌ಮನ್ ಹೇಳಿಹೋದ. ಅಂದಿನಿಂದ ಎಲ್ಲವನ್ನೂ ಇದ್ದ ಹಾಗೇ ಒರೆಸಿ ಇಟ್ಟಿದ್ದರು.

ಒಂದೊಂದಾಗಿ ತೋರಿಸುತ್ತ ಹೋದರು. ಬಟ್ಟೆ ಒಗೆದು ಎರಡು ಉರುಳೆಗಳ ನಡುವೆ ಹಿಂಡುವ ಯಂತ್ರ. ಕಟ್ಟೆಯ ಮೇಲೆ ಸೌದೆ ಬೇಡದ ಒಲೆ, ನಿಂತೇ ಅಡಿಗೆ ಮಾಡಬೇಕು. ಅಡಿಗೆಮನೆಯಿಂದ ಊಟದ ಕೋಣೆಗೆ ತಾಟುಗಳು ತಾವೇ ತಿರುಗಿ ಹೋಗುವ ಹಲಗೆ. ಒಂದು ಗುಂಡಿ ಒತ್ತಿ, ಪರದೆ ತಾನೇ ಸರಿಯುತ್ತದೆ ಅಂದರು. ಮಗ ಹೋಗಿ ಪರದೆಯನ್ನು ಕೈಯಿಂದ ಸರಿಸಿದ. ಇದು ಚೇಷ್ಟೆಯೋ ಪದ್ಧತಿಯೋ ತಿಳಿಯದೆ ನಾನು ಅತ್ತಿಯ ಮುಖ ನೋಡಿದೆ. ಅತ್ತಿ ನನ್ನ ಮುಖ ನೋಡುತ್ತಿದ್ದಳು.

ಆಮೇಲೆ ಹುಡುಗನ ತಾಯಿ ನನ್ನನ್ನು ಮುಂದಿನ ಕೋಣೆಗೆ ಕಳಿಸಿ, ಗೋಡೆಯಲ್ಲಿದ್ದ ಪೆಟ್ಟಿಗೆಗೆ ಕಿವಿ ಹಚ್ಚಿ ನಿಲ್ಲು ಅಂದರು. ತಾವು ಅಡಿಗೆಮನೆಯಲ್ಲಿದ್ದ ಅಂಥದೇ ಪೆಟ್ಟಿಗೆಯ ಮುಂದೆ ನಿಂತರು. ಸ್ವಲ್ಪ ಹೊತ್ತಿಗೆ ಅವರ ದನಿ ಕೇಳಿಸಿತು.

"ನಿಮ್ಮ ಅಕ್ಕಗ ನಿಂತು ಅಡಿಗಿ ಮಾಡಾಕ ಬರತೈತೇನವಾ?"

"ಕುಂತ ಮಾಡ್ತಾಳ್ರಿ. ಕಲೀತಾಳ್ರಿ," ಅಂದೆ ಪೆಟ್ಟಿಗೆಗೇ.

ನಾನು ಹೊರಬಂದಾಗ ಅವರ ಮುಖ ಅರಳಿತ್ತು. ಕೇಳಿಸಿತಲ್ಲ ಎಂದು ಅಪ್ಪನಿಗೆ ಹೇಳಿದರು. ಕೇಳಿಸಿದ್ದು ಖರೆ. ಆದರೆ ಪೆಟ್ಟಿಗೆಯಿಂದ ಕೇಳಿತೋ, ತೆರೆದಿದ್ದ ಬಾಗಿಲಿಂದ ಕೇಳಿತೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಚಹಾ ಬಂದದ್ದು ಹಿತ್ತಲ ಕಡೆಯಿಂದ. ಅಲ್ಲಿ ಹಂಚಿನ ಎರಡು ಕೋಣೆ, ಮಣ್ಣಿನ ಒಲೆ, ಹಗ್ಗದ ಮೇಲೆ ಒಣಗಿದ ಧೋತರ, ಹಾಸಿಗೆಯ ಸುರುಳಿ. ತಾಯಿ, ಮಗ ಇರುವುದು ಅಲ್ಲೇ ಎಂದು ಆಗ ತಿಳಿಯಿತು. ಅಪ್ಪ ಚಹಾ ಮುಗಿಸಿ, ಬಟ್ಟಲು ಕೆಳಗಿಟ್ಟು ಕೇಳಿದ: "ನಮ್ಮ ಹುಡುಗಿ ಎಲ್ಲಿ ಇರ್ತಾಳ್ರಿ?"

"ಮುಂದ," ಅಂದರು ತಾಯಿ.

"ಹಿಂದರಿ," ಅಂದ ಮಗ, ಅದೇ ಹೊತ್ತಿಗೆ.

ಇಬ್ಬರೂ ಒಬ್ಬರನ್ನೊಬ್ಬರು ತಿದ್ದಲಿಲ್ಲ. ಅಪ್ಪ ಎರಡಕ್ಕೂ ತಲೆಯಾಡಿಸಿದ.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಪ್ಪ, ಅತ್ತಿ ಜಗಳಾಡಿದರು. ಅತ್ತಿಯ ಪಾಲಿಗೆ ಅದು ದೊಡ್ಡ ಮನೆತನ. ಅಪ್ಪನಿಗೆ ಅದು ಮನೆಯೇ ಅಲ್ಲ. ಸವಣೂರು ಮುಟ್ಟಿದಾಗ ಇಬ್ಬರೂ ಮಾತು ಬದಲಿಸಿಕೊಂಡಿದ್ದರು: ಅಪ್ಪ ಮಾಡೋಣ ಅನ್ನುತ್ತಿದ್ದ, ಅತ್ತಿ ಬೇಡ ಅನ್ನುತ್ತಿದ್ದಳು. ನಾನು ಅಕ್ಕನ ಮುಂದೆ ಕೂತು ಒಲೆ, ಪರದೆ, ಪೆಟ್ಟಿಗೆ ಎಲ್ಲ ಹೇಳಿದೆ. ಅವಳು ಅಕ್ಕಿ ಆರಿಸುತ್ತ ಕೊನೆತನಕ ಕೇಳಿದಳು.

"ಅವರು ಹೆಂಗದಾರ?"

ಯಾರು ಅಂತ ಕೇಳಬೇಕಾಯಿತು ನಾನು. ಹುಡುಗನ ಮುಖ ನೆನಪಿಗೆ ಬರಲಿಲ್ಲ. ಅಪ್ಪ ಎತ್ತರ ಅಂದ, ಅತ್ತಿ ಗಿಡ್ಡ ಅಂದಳು. ನನಗೆ ಪರದೆ ಹಿಡಿದ ಕೈಯಷ್ಟೇ ಕಣ್ಣ ಮುಂದಿತ್ತು. ಅಕ್ಕ ಸಿಟ್ಟಾಗಲಿಲ್ಲ. ಆ ಮನೆ ಬಿಟ್ಟು ಅವರೊಬ್ಬರೇ ಇಲ್ಲಿಗೆ ಬರಲಿ ಎಂದು ಅಪ್ಪನಿಗೆ ಹೇಳಿದಳು.

ಆತ ಬಂದ. ಎತ್ತರವೂ ಅಲ್ಲ, ಗಿಡ್ಡವೂ ಅಲ್ಲ. ಅಕ್ಕ ಚಹಾ ಕೊಟ್ಟು, ಅವ್ವನ ಎದುರಿಗೇ ಆತನೊಡನೆ ಹೊಲದ ಮಾತು ಆಡಿದಳು. ಆತ ಮುಚ್ಚುಮರೆ ಇಲ್ಲದೆ ಉತ್ತರ ಕೊಟ್ಟ. ಅದೇ ಬೇಸಿಗೆಯಲ್ಲಿ ಮದುವೆಯಾಯಿತು. ಅಕ್ಕ ಹಿಂದಿನ ಕೋಣೆಯಲ್ಲೇ ಸಂಸಾರ ಹೂಡಿದಳು. ಮುಂದಿನ ಮನೆಯನ್ನು ದಿನಾ ಬೆಳಿಗ್ಗೆ ಅತ್ತೆ ಸೊಸೆ ಇಬ್ಬರೂ ಕೂಡಿ ಒರೆಸುತ್ತಿದ್ದರು.

ಎಂಬತ್ತರ ದಶಕ ಬಂತು, ಅಕ್ಕನ ಮಕ್ಕಳು ಸಾಲಿಗೆ ಹೋಗುವಂತಾದರು. ಅವರಿಗೆ ಓದಲು ಬೆಳಕಿರಲೆಂದು ಭಾವ ಹಿರೇಕೆರೂರಿನಿಂದ ಒಬ್ಬ ವೈರ್‌ಮನ್‌ನನ್ನು ಕರೆಸಿದ. ಹಳೆಯ ತಂತಿಗಳನ್ನು ಮುಟ್ಟದೆ, ಬೇರೆಯೇ ತಂತಿ ಎಳೆದು, ಮುಂದಿನ ಅಡಿಗೆಮನೆಯಲ್ಲಿ ಊರಿನ ಕರೆಂಟಿನ ಒಂದು ಬಲ್ಬು ಹಾಕಿಸಿದ. ನಾನು ಆಗ ಅಲ್ಲಿಗೆ ಹೋಗಿದ್ದೆ. ಸಂಜೆ ಬಲ್ಬು ಹತ್ತಿತು. ಅಕ್ಕನ ಅತ್ತೆ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದರು. ಒಲೆಯ ಮೇಲೆ ಕೈಯಾಡಿಸಿದರು, ಬಲ್ಬಿನ ಕಡೆ ನೋಡಿದರು, ಮತ್ತೆ ಒಲೆ ನೋಡಿದರು. ಇಷ್ಟು ವರ್ಷ ಅವರು ಕಾದದ್ದು ಇದಕ್ಕೇ ಎಂದುಕೊಂಡೆ ನಾನು.

ಮರುದಿನ ಬೆಳಿಗ್ಗೆ ಅದನ್ನು ತೆಗೆಸು ಅಂದರು. ಯಾಕೆ ಎಂದು ಭಾವ ಕೇಳಿದ, ಅಕ್ಕನೂ ಕೇಳಿದಳು. ಅವರು ಅರಿವೆ ತಗೊಂಡು ಒಲೆ ಒರೆಸತೊಡಗಿದರು. ಭಾವ ಅದೇ ಬಲ್ಬನ್ನು ಹಿಂದಿನ ಕೋಣೆಗೆ ಹಾಕಿಸಿದ. ಅದಕ್ಕೆ ಅವರ ತಕರಾರು ಏನೂ ಇರಲಿಲ್ಲ. ಅದರ ಕೆಳಗೇ ಕೂತು ಶೇಂಗಾ ಸುಲಿದರು, ಮೊಮ್ಮಕ್ಕಳ ಪಾಠ ಕೇಳಿದರು.

ಆ ಬೆಳಕಿನಲ್ಲಿ ಯಂತ್ರಗಳ ತುಕ್ಕು ಕಂಡಿರಬೇಕು ಅನ್ನುತ್ತಾಳೆ ಅಕ್ಕ. ನನಗೆ ಹಾಗನ್ನಿಸುವುದಿಲ್ಲ. ತುಕ್ಕನ್ನು ಅವರು ದಿನಾ ಕೈಯಾರೆ ಒರೆಸುತ್ತಿದ್ದವರೇ. ಹಾಗಾದರೆ ಮತ್ತೇನು ಎಂದು ಅಕ್ಕ ಕೇಳಿದರೆ, ಆ ಮನೆಯಲ್ಲಿ ಯಜಮಾನರ ಇಂಜಿನ್ನಿನ ಬೆಳಕೇ ಹತ್ತಬೇಕಿತ್ತೇನೋ ಅನ್ನುತ್ತೇನೆ. ಅಕ್ಕನ ಅತ್ತೆ ಇದ್ದಾಗ ಇನ್ನೊಮ್ಮೆ ಕೇಳಬಹುದಿತ್ತು. ಕೇಳಿದರೂ ಅವರು ಹೇಳುತ್ತಿದ್ದರೋ ಇಲ್ಲವೋ.