ಗುವಾನಾಹುವಾತೋದ ಹಸಿರು ಬಾಗಿಲು

ದೆವ್ವ, ದೃಷ್ಟಿ, ಆರನೆಯ ಇಂದ್ರಿಯ ಎಂದು ಯಾರಾದರೂ ಶುರು ಮಾಡಿದರೆ ಎದ್ದು ಹೋಗಿ ಒಲೆಯ ಮೇಲಿನ ಹಾಲು ನೋಡುವವಳು ನಾನು. ಇಂಥ ಕಥೆ ಹೇಳುವವರಲ್ಲಿ ಅರ್ಧ ಜನ ಸುಳ್ಳರು, ಉಳಿದರ್ಧಕ್ಕೆ ಮಾಡಲು ಬೇರೆ ಕೆಲಸವಿಲ್ಲ ಎಂದೇ ನನ್ನ ತೀರ್ಮಾನವಾಗಿತ್ತು. ಈಗ ನಾನೇ ಹೇಳಲು ಕೂತಿದ್ದೇನೆ. ನನ್ನನ್ನು ಯಾವ ಗುಂಪಿಗೆ ಬೇಕಾದರೂ ಸೇರಿಸಿಕೊಳ್ಳಿ.

ಮೂರು ವರ್ಷದ ಹಿಂದಿನ ಮಾತು. ನಮ್ಮ ಮನೆಯವರು ಇಲ್ಲಿ ಅರಬ್ಬರ ನಾಡಿನಲ್ಲಿ, ಮೀನಾ ಅಲ್ ಅಹ್ಮದಿಯ ಎಣ್ಣೆ ಕಾರ್ಖಾನೆಯಲ್ಲಿ ಪಂಪು ರಿಪೇರಿಯ ಟೆಕ್ನೀಷಿಯನ್. ಹೊಸ ಪಂಪಿನ ತರಬೇತಿಗೆಂದು ಕಂಪನಿ ಅವರನ್ನು ಮೂರು ವಾರ ಮೆಕ್ಸಿಕೋಕ್ಕೆ ಕಳಿಸಿತು. ಅವರಿದ್ದ ಜಾಗದಿಂದ ಗುವಾನಾಹುವಾತೋ ಎಂಬ ಹಳೇ ಊರಿಗೆ ಒಂದು ಗಂಟೆಯ ಬಸ್ಸು. ಇತಿಹಾಸದಲ್ಲಿ ಎಂ.ಎ. ಮಾಡಿ ಬ್ನೇದ್ ಅಲ್ ಗಾರ್‌ನ ಫ್ಲ್ಯಾಟಿನಲ್ಲಿ ಕುಕ್ಕರಿನ ಸೀಟಿ ಎಣಿಸುತ್ತಿರುವವಳು ನಾನು. ಬೆಳ್ಳಿ ಗಣಿಯಿಂದ ಎದ್ದ ಊರನ್ನು ನೋಡುವ ಯೋಗ ಅವರಿಗೆ! ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ರಜೆಯ ದಿನಕ್ಕೆ ಪಟ್ಟಿ ಮಾಡಿ ಕಳಿಸಿದೆ. ಮೊದಲು ಅಲೋಂದಿಗಾ, ಅಂದರೆ ಹಳೇ ಧಾನ್ಯದ ಉಗ್ರಾಣ. ಅವರ ಸ್ವಾತಂತ್ರ್ಯದ ಹೋರಾಟದಲ್ಲಿ ರಕ್ತ ಹರಿದ ಜಾಗ, ಈಗ ಮ್ಯೂಸಿಯಂ. ಆಮೇಲೆ ಒಣಗಿದ ಹೆಣಗಳ ಮ್ಯೂಸಿಯಂ, ಕಂಬಗಳ ದೊಡ್ಡ ನಾಟಕಶಾಲೆ, ಊರಿನಡಿಯ ಸುರಂಗ ರಸ್ತೆ, ಎದುರುಬದುರು ಬಾಲ್ಕನಿಗಳು ತಾಗುವಷ್ಟು ಇಕ್ಕಟ್ಟಾದ ಮುತ್ತಿನ ಓಣಿ. ಮುತ್ತು ಎಂದರೆ ಇಲ್ಲಿ ಸಮುದ್ರದಲ್ಲಿ ಮುಳುಗಿ ತೆಗೆಯುತ್ತಿದ್ದ ಮುತ್ತಲ್ಲ, ಇನ್ನೊಂದು.

"ಹೆಣ ನೋಡ್ಲಿಕ್ಕೆ ಟಿಕೆಟ್ ತಕೊಳ್ಬೇಕಾ ಮಾರಾಯ್ತಿ? ಇಲ್ಲಿ ಶೂ ಒಳ್ಳೇದು ಸಿಗ್ತದಂತೆ" ಎಂದರು.

"ಶೂ ನಮ್ಮ ಫಹಾಹೀಲ್ ಪೇಟೆಯಲ್ಲೂ ಸಿಗ್ತದೆ, ಸುಮ್ಮನೆ ಹೋಗಿ" ಎಂದು ಗದರಿದೆ.

ಆ ದಿನ ಅಲ್ಲಿ ಬೆಳಗಿನ ಹನ್ನೊಂದು, ಇಲ್ಲಿ ರಾತ್ರಿ ಎಂಟು. ನಾನು ಚಪಾತಿ ಲಟ್ಟಿಸುತ್ತಿದ್ದೆ, ಮಗಳು ಪಕ್ಕದಲ್ಲಿ ಹೋಂವರ್ಕ್ ಮಾಡುತ್ತಿದ್ದಳು. ಫೋನ್ ಬಂತು. ನೆಟ್ ವೀಕು, ವಿಡಿಯೋ ಇಲ್ಲ, ಬರೀ ದನಿ.

"ದಾರಿ ತಪ್ಪಿದೆ. ಎಲ್ಲ ಓಣಿ ಒಂದೇ ಹಾಗೆ ಉಂಟು. ಕೈ ನಡುಗ್ತಾ ಉಂಟು, ಮೈಯೆಲ್ಲ ಬೆವರು..."

ಅವರಿಗೆ ಶುಗರ್. ಬೆಳಿಗ್ಗೆ ಇನ್ಸುಲಿನ್ ಚುಚ್ಚಿಕೊಂಡು, ಹೋಟೆಲಿನ ತಿಂಡಿ ಹಿಡಿಸಲಿಲ್ಲವೆಂದು ಅರ್ಧ ತುಂಡು ಬ್ರೆಡ್ ತಿಂದು ಹೊರಟಿದ್ದರು! ಜೇಬಿನಲ್ಲಿ ಒಂದು ಚಾಕಲೇಟೂ ಇಲ್ಲ. ಓಣಿಯಲ್ಲಿ ನರಪಿಳ್ಳೆಯಿಲ್ಲ. ಶುಗರ್ ಇಳಿದು ಒಮ್ಮೆ ನಮ್ಮ ಬಿಲ್ಡಿಂಗಿನ ಲಿಫ್ಟಿನಲ್ಲೇ ಪ್ರಜ್ಞೆ ತಪ್ಪಿ ಬಿದ್ದವರು. ಅಲ್ಲಿ ಬಿದ್ದರೆ ಎತ್ತುವವರು ಯಾರು? ಹೆದರಿಕೆಯಾದರೆ ನನಗೆ ಅಳು ಬರುವುದಿಲ್ಲ, ಸಿಟ್ಟು ಬರುತ್ತದೆ. ಬೈಯಲು ಶುರು ಮಾಡಿದೆ.

"ನಿಮಗೆ ಬುದ್ಧಿ ಉಂಟಾ? ಕೂತ್ಕೊಳ್ಬೇಡಿ, ಏಳಿ! ಆ ಮೆಟ್ಟಿಲು ಇಳೀಬೇಡಿ, ಎಡಗಡೆ ಗೋಡೆ ಹಿಡ್ಕೊಂಡು ನಡೀರಿ. ಸಣ್ಣ ಮಕ್ಕಳಿಗಾದ್ರೂ ಹೇಳಿದ್ದು ತಲೆಗೆ ಹೋಗ್ತದೆ! ನೀರಿಲ್ಲದ ಕಾರಂಜಿ ದಾಟಿ. ಹಸಿರು ಬಾಗಿಲು, ಕೆಳಗಿನ ಹಲಗೆ ಒಡೆದಿದೆ, ಅದನ್ನೇ ಬಡೀರಿ. ಅಜ್ಜಿಗೆ ಕಿವಿ ಕೇಳ್ಸೂದಿಲ್ಲ, ಜೋರು ಬಡೀರಿ. ಸುಕ್ಕರ್ ಅನ್ನಿ, ಸುಕ್ಕರ್!"

ಬಡಿದ ಸದ್ದು ಕೇಳಿಸಿತು. ಬಾಗಿಲು ಕಿರುಗುಟ್ಟಿತು. ಮುದುಕಿಯೊಬ್ಬಳ ದನಿ, ಆಮೇಲೆ ಲೋಟದಲ್ಲಿ ಚಮಚ ಆಡಿಸುವ ಸದ್ದು. ಸ್ವಲ್ಪ ಹೊತ್ತಾದ ಮೇಲೆ "ಈಗ ಅಡ್ಡಿಯಿಲ್ಲ ಮಾರಾಯ್ತಿ" ಎಂದರು. ಜೀವ ಬಂದಂತಾಯಿತು.

"ಮಮ್ಮಾ, ಹೌ ಡಿಡ್ ಯು ನೋ?" ಎಂದು ಮಗಳು ಕೇಳಿದಾಗಲೇ ನಾನು ಹೇಳಿದ್ದು ಏನೆಂಬುದು ನನಗೆ ಹೊಳೆದದ್ದು. ಲಟ್ಟಣಿಗೆ ಇನ್ನೂ ಕೈಯಲ್ಲಿತ್ತು.

ಸುಕ್ಕರ್ ಮಾತು ಬಿಡಿ. ಸಕ್ಕರೆಗೆ ಅರಬ್ಬರ ಆ ಹೆಸರೇ ಸ್ಪ್ಯಾನಿಷ್‌ಗೂ ಹೋಗಿದೆ. ಅಜ್ಜಿಗೆ ತಿಳಿದದ್ದರಲ್ಲಿ ಪವಾಡವಿಲ್ಲ. ಆದರೆ ಕಾರಂಜಿ? ಹಲಗೆ? ಅಜ್ಜಿಯ ಕಿವಿ? ಪಟ್ಟಿ ಮಾಡುವಾಗ ಎಲ್ಲೋ ಚಿತ್ರ ನೋಡಿರಬೇಕೆಂದು ಎರಡು ವಾರ ನಿದ್ದೆಗೆಟ್ಟು ಹುಡುಕಿದೆ. ಆ ಓಣಿ ಎಲ್ಲೂ ಸಿಗಲಿಲ್ಲ. ಇವರೋ, "ನನ್ನ ಹೆಂಡತಿಗೆ ಕೂತಲ್ಲೇ ಎಲ್ಲ ಕಾಣ್ತದೆ" ಎಂದು ಊರೆಲ್ಲ ಡಂಗುರ ಹೊಡೆದರು. ಕೆಳಗಿನ ಫ್ಲ್ಯಾಟಿನ ಬ್ಯಾರಿ ಹೆಂಗಸು ಬಂದು, "ಅಕ್ಕಾ, ನನ್ನ ಬಳೆ ಎಲ್ಲುಂಟು ಸ್ವಲ್ಪ ನೋಡಿ ಹೇಳಿ" ಎನ್ನಬೇಕೇ! ನನ್ನ ಕನ್ನಡಕ ಎಲ್ಲಿದೆಯೆಂದೇ ನನಗೆ ಗೊತ್ತಿರುವುದಿಲ್ಲ.

ಒಂದು ಮ್ಯೂಸಿಯಮ್ಮನ್ನೂ ನೋಡದೆ, ಎರಡು ಜೊತೆ ಶೂ ಹೊತ್ತು ವಾಪಸು ಬಂದರು ಮಹಾರಾಯರು. ಮೊದಲ ದಿನ ಊಟಕ್ಕೆ ಕೂತವರು, "ಆ ಅಜ್ಜಿಯ ಮನೆ ಒಳಗೆ ಎಂತ ಇತ್ತು ಗೊತ್ತುಂಟಾ..." ಎಂದು ಬಾಯಿ ತೆರೆದರು.

"ಬೇಡ. ಸುಮ್ಮನೆ ಊಟ ಮಾಡಿ" ಎಂದೆ.

ಯಾಕೆಂದರೆ ನನಗೆ ಗೊತ್ತಿತ್ತು. ಒಳಗೆ ಕಾಲಿಟ್ಟ ಕೂಡಲೇ ಬಲಕ್ಕೆ ತಂತಿಯ ಪಂಜರ ತೂಗುತ್ತದೆ. ಅದರಲ್ಲಿ ಹಕ್ಕಿಯಿಲ್ಲ, ಅಜ್ಜಿ ಈರುಳ್ಳಿ ತುಂಬಿಟ್ಟಿದ್ದಾಳೆ. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ. ಪಂಜರ ಇತ್ತೇ ಎಂದು ಒಂದು ಮಾತು ಕೇಳಿದರೆ ತೀರಿತು. ಇಲ್ಲವೆಂದರೆ, ಉಳಿದದ್ದೆಲ್ಲ ಕಾಕತಾಳೀಯ ಎಂದು ಹಾಯಾಗಿರಬಹುದು. ಮೂರು ವರ್ಷದಿಂದ ದಿನವೂ ಎದುರಿಗೇ ಕೂತು ಉಣ್ಣುತ್ತಾರೆ. ಕೇಳಲು ನನಗೆ ಧೈರ್ಯ ಬಂದಿಲ್ಲ.