ಅತ್ತೆಯ ಕಿವಿಯ ಬೇವಿನ ಕಡ್ಡಿ

ಸುರಪುರದ ನಮ್ಮ ಮನೆಯಲ್ಲಿ ತಾಮ್ರದ ತಂತಿಗೆ ಬರವಿಲ್ಲ. ಗಂಡನದು ಮೋಟಾರು ರಿಪೇರಿ ಅಂಗಡಿ. ಸುಟ್ಟ ಪಂಪಿನೊಳಗಿಂದ ಬಿಚ್ಚಿದ ತಂತಿಯೆಲ್ಲ ನನ್ನ ಪಾಲಿಗೆ. ಅದನ್ನು ಸುತ್ತಿ, ಹೆಣೆದು, ಮಣಿ ಕೂಡಿಸಿ ಓಲೆ, ಜುಮಕಿ ಮಾಡುತ್ತೇನೆ. ಅದಕ್ಕೂ ಮೊದಲು ತಂತಿ ನಮ್ಮತ್ತೆಯ ಕೈ ದಾಟಿ ಬರಬೇಕು. ಹುಣಸೆಹಣ್ಣು ಹಚ್ಚಿ ತಿಕ್ಕಿ ಹೊಳಪು ತರುವುದು, ಬಾಗಿಲ ಚಿಲಕಕ್ಕೆ ಒಂದು ತುದಿ ಕಟ್ಟಿ ಅರಿವೆಯಲ್ಲಿ ಹಿಡಿದೆಳೆದು ನೆಟ್ಟಗೆ ಮಾಡುವುದು ಅವರದೇ ಕೆಲಸ. ಹೊಗಳಿಸಿಕೊಳ್ಳುವುದಷ್ಟೇ ನನ್ನದು.

ಅವರ ಬಂಗಾರದ ಬೆಂಡೋಲಿ ನನ್ನ ಕಿವಿಯಲ್ಲಿವೆ. ಹಿರಿಸೊಸೆಗೆ ಸಲ್ಲಬೇಕೆಂದು ಮದುವೆಯಲ್ಲಿ ತಾವೇ ಬಿಚ್ಚಿ ಹಾಕಿದ್ದರು. ಅಂದಿನಿಂದ ಅವರ ಕಿವಿಯ ತೂತು ಮುಚ್ಚದಂತೆ ಬೇವಿನ ಕಡ್ಡಿ. ನಮ್ಮ ಕಡೆ ಕಿವಿ ಖಾಲಿಯಾದ ಹೆಂಗಸರು ಹಾಗೇ ಮಾಡುತ್ತಾರೆ, ಹಾಗಾಗಿ ನನಗೆ ಅದು ಕಂಡೇ ಇರಲಿಲ್ಲ. ಊರಿಗೆಲ್ಲ ಓಲೆ ಮಾಡುವ ಮಹಾರಾಣಿಗೆ ಮನೆಯೊಳಗಿನ ಕಿವಿ ಎಲ್ಲಿ ಕಾಣಬೇಕು!

ಈ ಬೇಸಿಗೆಯಲ್ಲಿ ಶಹಾಪುರದ ಬಳೆ ಅಂಗಡಿಯಾಕೆ, ಒಂದು ಮದುವೆಮನೆಯ ಹುಡುಗಿಯರಿಗೆಲ್ಲ ಒಂದೇ ನಮೂನೆಯ ಜುಮಕಿ ಬೇಕೆಂದಳು. ಮೊದಲ ಜೋಡಿ ಮುಗಿದಾಗ, ಹೇಗೆ ತೂಗುತ್ತದೋ ನೋಡೋಣವೆಂದು ಅತ್ತೆಯ ಕಡ್ಡಿ ತೆಗೆದು ಅವರ ಕಿವಿಗೇ ಜುಮಕಿ ಹಾಕಿದೆ. ಅವರು ಕನ್ನಡಿ ಮುಂದಿನಿಂದ ಏಳಲೇ ಇಲ್ಲ.

"ಇವು ನಿಮಗ ಇರ್ಲಿ ಬಿಡ್ರಿ ಅತ್ತಿ" ಎಂದೆ.

"ನಮ್ಮ ಸೊಸಿ ಮಾಡ್ಯಾಳ ನೋಡ್ರವಾ" ಎಂದು ಓಣಿಯೆಲ್ಲ ತಿರುಗಿ ತೋರಿಸಿ ಬಂದರು.

ಅಂಗಡಿಯಾಕೆ ಬರುವ ದಿನ ನನಗೆ ಗಡಿಬಿಡಿ. ಒಮ್ಮೆ ಬಾಗಿಸಿದಲ್ಲೇ ಮತ್ತೆ ಮತ್ತೆ ಬಾಗಿಸಿದರೆ ತಂತಿ ಮುರಿಯುತ್ತದೆ. ಗೊತ್ತಿದ್ದೂ ಕೊನೆಯ ಜೋಡಿಯ ಕೊಕ್ಕೆ ತಿದ್ದಲು ಹೋದೆ, ಪಟ್ಟನೆ ಮುರಿಯಿತು. ಕೊಕ್ಕೆಯಿಂದ ಗೊಂಚಲಿನವರೆಗೆ ಒಂದೇ ಎಳೆ, ಮೊದಲಿನಿಂದ ಹೆಣೆಯಬೇಕು. ಅಷ್ಟರಲ್ಲಿ ಆಕೆ ಹೊಸ್ತಿಲಲ್ಲಿದ್ದಳು.

"ಒಂದು ಜೋಡಿ ಕಮ್ಮಿ ಅದಲ್ರಿ. ಜಲ್ದಿ ಮಾಡ್ರಿ, ಬಸ್ಸಿಗಿ ಹೊತ್ತಾಗ್ಯಾದ."

ನಾನು ಬಾಯಿಬಿಟ್ಟು ಏನೂ ಕೇಳಲಿಲ್ಲ. ಆದರೆ ತಿರುಗಿ ನೋಡಿದ್ದು ಅತ್ತೆಯ ಕಿವಿಯನ್ನೇ. ಅವರಿಗೆ ಅಷ್ಟು ಸಾಕಾಯಿತು.

"ನನಗ್ಯಾಕವಾ ಈ ವಯಸ್ಸಿನ್ಯಾಗ? ಹುಡುಗ್ಯಾರು ಹಾಕ್ಕೊಳ್ಳಲಿ" ಎನ್ನುತ್ತ ಬಿಚ್ಚಿ ನನ್ನ ಅಂಗೈಗೆ ಹಾಕಿದರು. ಬ್ಯಾಡ್ರಿ ಅನ್ನಬಹುದಿತ್ತು. ನಾನು ಜುಮಕಿ ತುಂಬಿಟ್ಟ ಡಬ್ಬಿಯ ಮುಚ್ಚಳ ತೆಗೆದೆ.

ಆಮೇಲೆ ತಡೆಯಲಾಗಲಿಲ್ಲ, ನನ್ನ ಮೇಲೆ ನನಗೇ ಸಿಟ್ಟು. ಬೇರೆಲ್ಲ ಕೆಲಸ ಬದಿಗಿಟ್ಟು ಅವರಿಗೆಂದೇ ಇನ್ನೊಂದು ಜೋಡಿ ಮಾಡಿದೆ, ಮೊದಲಿನದಕ್ಕಿಂತ ಚೆಂದಾಗಿ. ಅತ್ತೆ ಬೆಳಕಿಗೆ ಹಿಡಿದು ನೋಡಿದರು, ನಕ್ಕರು, ಅರಿವೆಯಲ್ಲಿ ಸುತ್ತಿ ಟ್ರಂಕಿಗೆ ಹಾಕಿದರು.

"ಹಾಕ್ಕೋರಿ ಅತ್ತಿ."

"ಇರ್ಲಿ ತಗಿ. ಮತ್ತ ಯಾರಿಗರ ಕಮ್ಮಿ ಬಿದ್ರ ಬೇಕಾಗ್ತಾವ."

ಅದರಲ್ಲಿ ಚುಚ್ಚುಮಾತಿನ ಸುಳಿವೂ ಇರಲಿಲ್ಲ. ಒಂದಿಷ್ಟು ಬೈದಿದ್ದರೆ ನನ್ನ ಜೀವ ಹಗುರಾಗುತ್ತಿತ್ತು.

ಮತ್ತೆ ಕಿವಿ ಸೇರಿದ್ದ ಹಳೆಯ ಕಡ್ಡಿ ಮುಟ್ಟಿಕೊಂಡು, "ಈ ಕಡ್ಡಿ ಸವದಾವ, ಬ್ಯಾರೆ ಮುರ್ಕೊಂಡ್ ಬಾರವಾ" ಎಂದರು. ಹಿತ್ತಿಲ ಬೇವಿನಿಂದ ಎರಡು ಕಡ್ಡಿ ಮುರಿದು ತಂದೆ. ಓಲೆಯ ತುದಿ ತಿಕ್ಕುವ ಅರದಿಂದಲೇ, ಚುಚ್ಚದ ಹಾಗೆ ನುಣ್ಣಗೆ ತಿಕ್ಕಿ ಅವರ ಕೈಗೆ ಕೊಟ್ಟೆ.