ಬದುವಿನ ಈಚೆಯ ಜೋಳ

ಕೃಷಿ ವಿಶ್ವವಿದ್ಯಾಲಯದ ಜೀಪು ತಿಕೋಟಾದ ನನ್ನ ಹೊಲ ಬಿಟ್ಟು, ತಮ್ಮನ, ಅಂದರೆ ಕಾಕಾನ ಮಗನ, ಹೊಲದ ಮುಂದೆ ನಿಂತ ದಿನವೇ ನನ್ನ ಹೊಟ್ಟೆಯುರಿ ಶುರುವಾಯಿತು. ಇಬ್ಬರದೂ ಒಂದೇ ಕರಿಮಣ್ಣು, ನಡುವೆ ಒಂದು ಬದು. ಅವನದು ರಸ್ತೆಗೆ ಹತ್ತಿಕೊಂಡಿದೆಯೆಂದು ಅವನನ್ನೇ ಆರಿಸಿದರು. ಮಳೆಗಾಲದಲ್ಲಿ ಹೊಲವನ್ನು ಸಣ್ಣ ಸಣ್ಣ ಚೌಕು ಮಡಿಗಳಾಗಿ ಮಾಡಿ, ಬಿದ್ದ ನೀರನ್ನು ಅಲ್ಲಲ್ಲೇ ಇಂಗಿಸಿ, ಆಮೇಲೆ ಬಿಳಿಜೋಳ ಬಿತ್ತುವುದನ್ನು ಕಲಿಸಿದರು.

ಪಟ್ಟಣದ ಜಲನಗರದ ಮನೆಯಲ್ಲಿ ದಿನವೂ ನನ್ನದು ಅದೇ ಮಾತು. ಹೆಂಡತಿಗೆ ಸಾಕಾಗಿ, "ನೀವೂ ಮಡಿ ಮಾಡ್ರಲ್ಲ, ಯಾರು ಬ್ಯಾಡಂದಾರ?" ಎಂದಳು.

"ಅವನ್ನ ನೋಡಿ ನಾ ಮಾಡ್ಲೇನು?" ಎಂದೆ. ಮಾಡಲಿಲ್ಲ.

ತಮ್ಮನಿಗೆ ವಿಶ್ವವಿದ್ಯಾಲಯದವರದೊಂದು ಷರತ್ತಿತ್ತು. ರಸ್ತೆ ಬದಿಯ ಒಂದು ಪಟ್ಟಿಯನ್ನು ಮಡಿ ಮಾಡದೆ ಬಿಡಬೇಕು. ಎರಡನ್ನೂ ಪಕ್ಕಪಕ್ಕ ಕಂಡರೆ ರೈತರಿಗೆ ವ್ಯತ್ಯಾಸ ತಿಳಿಯುತ್ತದೆ. ತೆನೆ ತುಂಬುವ ಹೊತ್ತಿಗೆ ವಿಜ್ಞಾನಿ ಮೇಡಂ ಬಂದು ನೋಡಿದರೆ, ಆ ಪಟ್ಟಿಯೂ ಅಷ್ಟೇ ಸೊಂಪಾಗಿತ್ತು.

"ಇಲ್ಲೂ ಮಡಿ ಮಾಡಿದ್ರಾ?"

"ಹೌದ್ರಿ ಮೇಡಂ. ರಸ್ತಿ ಮ್ಯಾಲಿನ ಬೆಳಿನ ಬಡಕಲ ನಿಂತ್ರ, ಬಬಲೇಶ್ವರದ ಬೀಗರು ನೋಡಿ ಏನಂದಾರು?"

ಮೇಡಂ ಹಣೆಗೆ ಕೈ ಹಚ್ಚಿಕೊಂಡು ಬದುವಿನ ಈಚೆ ನೋಡಿದರು. ಅಲ್ಲಿ ನನ್ನ ಜೋಳ, ಎಲೆ ಒಣಗಿ, ತೆನೆ ಸಣ್ಣಗಾಗಿ ನಿಂತಿತ್ತು. ಅದರ ಮುಂದೆ ನಾನು.

"ಅಣ್ಣಂದ್ರಿ," ಎಂದ ತಮ್ಮ. "ಮಡಿ ಗಿಡಿ ಏನೂ ಮಾಡಿಲ್ಲ. ಅಗದೀ ನಿಮಗ ಬೇಕಾದಂಗ ಐತಿ."

ಬೆಳೆ ನೋಡಲು ಬರುವ ರೈತರಿಗೆ ಹೋಲಿಕೆಗೆ ನನ್ನ ಹೊಲ ತೋರಿಸಬಹುದೇ ಎಂದು ಮೇಡಂ ಕೇಳಿದರು. ಸುತ್ತಲ ಊರವರ ಮುಂದೆ ಮರ್ಯಾದೆ ಹೋಗುತ್ತದೆಂದು ಗೊತ್ತಿತ್ತು. ಆದರೆ ಇಲ್ಲವೆಂದರೆ ಜನರೆಲ್ಲ ಅವನ ಹೊಲವನ್ನಷ್ಟೇ ನೋಡಿ ಹೋಗುತ್ತಾರೆ. ಹೂಂ ಎಂದೆ.

ಕ್ಷೇತ್ರೋತ್ಸವಕ್ಕೆ ನಿಡೋಣಿ, ಬಬಲೇಶ್ವರದ ಕಡೆಯಿಂದ ರೈತರು ಬಂದರು. ಅವನ ಬೆಳೆ ನೋಡಿ ಬದು ದಾಟಿದರು. ತಮ್ಮ ನನ್ನದೊಂದು ತೆನೆ ಹಿಡಿದು, "ಇಲ್ನೋಡ್ರಿ," ಎಂದು ಶುರುಮಾಡಿದ.

"ಸರಿ ಲೇ ಆಕಡೆ! ನಿಂದು ನೀ ಹೇಳಿದಿ. ಇದು ನನ್ನ ಹೊಲ, ಕಾಳು ಯಾಕ ತುಂಬಿಲ್ಲಂತ ನಾನ ಹೇಳ್ತೀನಿ," ಎಂದು ತೆನೆ ಕಸಿದುಕೊಂಡೆ. ನೀರು ಹೇಗೆ ಹರಿದುಹೋಯಿತು, ಎಲೆ ಯಾವಾಗ ಸುರುಟಿತು, ಎಲ್ಲ ಹೇಳಿದೆ.

ನಿಡೋಣಿಯ ಮುದುಕನೊಬ್ಬ ಕೇಳಿದ: "ಬಾಜೂಕನ ಕಲಿಸ್ಯಾರಲ್ರಿ, ನೀವ್ಯಾಕ ಮಾಡ್ಲಿಲ್ಲ?"

"ಅವ ಮೊದ್ಲ ಮಾಡಿದ್ನಲ್ರಿ, ಅದಕ್ಕ!"

ಜನ ಹೋ ಎಂದು ನಕ್ಕು ನನ್ನ ಸುತ್ತಲೇ ನಿಂತರು. ಬದುವಿನ ಆಚೆ ತನ್ನ ಹೊಲಕ್ಕೆ ಮರಳಿ ಒಬ್ಬನೇ ನಿಂತ ತಮ್ಮ ಕೂಗತೊಡಗಿದ: "ಈಕಡೆ ಬರ್ರೆಪಾ, ಚಹಾ ಆರಾಕತ್ತೈತಿ!"